ಕಾರು ಓಡುತ್ತದೆ ಸರಿ, ಐವಿಎ ಪಾಸಾಗುತ್ತಾ?

ಬ್ರಿಟನ್ನಿನಲ್ಲಿ ನೀವು ಮನೆಯ ಗ್ಯಾರೇಜಿನಲ್ಲೇ ಒಂದು ಕಾರು ಕಟ್ಟಿ, ಅದಕ್ಕೆ ನಂಬರ್ ಹಾಕಿಸಿ, ಮೋಟರ್‌ವೇ ಮೇಲೆ ಓಡಿಸಬಹುದು. ಕದ್ದುಮುಚ್ಚಿ ಅಲ್ಲ, ಕಾನೂನಿನ ಪ್ರಕಾರವೇ. ದಾವಣಗೆರೆಯಲ್ಲಿ ಲಾರಿ ಗ್ಯಾರೇಜ್ ನಡೆಸುತ್ತಿದ್ದ ನನ್ನ ಸೋದರಮಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಎಂಜಿನ್ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲವ್ವಾ, ನೀನೇ ಕಟ್ಟಿದ ಗಾಡಿಗೆ ಎಫ್‌ಸಿ ಯಾರು ಕೊಡ್ತಾರೆ?" ಅಂದರು. ಜೀವನವಿಡೀ ಲಾರಿಗಳಿಗೆ ಎಫ್‌ಸಿ ಮಾಡಿಸಿದವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು ಬಿಡಿ.

ನಮ್ಮ ಕಡೆ ಇದಕ್ಕೆ ದಾರಿಯೇ ಇಲ್ಲ ಅಂದರೂ ತಪ್ಪಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕಾರಿನ ಬಿಡಿಭಾಗ ಏನು ಬೇಕಾದರೂ ಸಿಗುತ್ತದೆ, ಕಟ್ಟುವ ಕೈಗಳಿಗೂ ಕೊರತೆ ಇಲ್ಲ. ಕಟ್ಟಿದ ಒಂದೇ ಒಂದು ಕಾರನ್ನು ತೆಗೆದುಕೊಂಡು ಹೋಗಿ "ಪರೀಕ್ಷೆ ಮಾಡಿ ನಂಬರ್ ಕೊಡಿ" ಅನ್ನೋಕೆ ಮಾತ್ರ ಒಬ್ಬ ಸಾಮಾನ್ಯನಿಗೆ ಬಾಗಿಲು ಕಾಣುವುದಿಲ್ಲ.

ನಾನಿರುವ ಬ್ರಿಟನ್ನಿನಲ್ಲಿ ಆ ಬಾಗಿಲಿನ ಹೆಸರು ಐವಿಎ. ಒಂದೊಂದೇ ವಾಹನವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆ. ಮುಂಚೆ, 1998ರಿಂದ, ಎಸ್‌ವಿಎ ಅಂತ ಇತ್ತು, 2009ರಲ್ಲಿ ಐವಿಎ ಬಂತು. ಈ ದೇಶಕ್ಕೆ ಕಿಟ್ ಕಾರಿನ ಹುಚ್ಚು ಹಳೆಯದು. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಸೆವೆನ್ ಅನ್ನುವ ಪುಟ್ಟ ಕಾರನ್ನು ತಂದಾಗ, ಜನ ಅದನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸುತ್ತಿದ್ದರು. ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗದ ಪೆಟ್ಟಿಗೆಗೆ ಇರಲಿಲ್ಲ, ಅಷ್ಟೇ ಗುಟ್ಟು. 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕೈಗೆ ಬಂತು. ತೆರಿಗೆ ಹೋದರೂ ಹುಚ್ಚು ಹೋಗಲಿಲ್ಲ. ಇವತ್ತಿಗೂ ಎಷ್ಟೋ ಸಣ್ಣ ಕಂಪನಿಗಳು ಆ ಆಕಾರದ ಚಾಸಿಸ್ ಮಾಡಿ ಮಾರುತ್ತವೆ.

ನನ್ನದೂ ಆ ಜಾತಿಯದೇ. ಚಾಸಿಸ್ ಮತ್ತು ಬಾಡಿ ಕಿಟ್‌ನಲ್ಲಿ ಬಂದವು. ಉಳಿದದ್ದೆಲ್ಲ, ಅಂದರೆ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಬ್, ಸ್ಟೇರಿಂಗ್ ಕಾಲಮ್, ಮುಕ್ಕಾಲು ಪಾಲು ವೈರಿಂಗ್, ಎಲ್ಲ ಒಂದು ತುಕ್ಕು ಹಿಡಿದ 1.8 ಲೀಟರ್ ಮಾಜ್ಡಾ ಎಂಎಕ್ಸ್-5 ಕಾರಿನದು. ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರಿಂದ ಈ ಕಾರುಗಳ ತಳ ತಿಂದು ಹೋಗುತ್ತದೆ, ಎಂಜಿನ್ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಹಾಗಾಗಿ ಡೋನರ್ ಆಗಿ, ಅಂದರೆ ಬಿಡಿಭಾಗ ಕೊಡುವ ಹಳೆಯ ಕಾರಾಗಿ, ಇದಕ್ಕಿಂತ ಒಳ್ಳೆಯ ಕಾರು ಸಿಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ವಿಷಯಕ್ಕೆ ಬರುತ್ತೇನೆ. ಕಾರು ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ನಿಲ್ಲುತ್ತದೆ. ಆದರೂ ಪರೀಕ್ಷೆಗೆ ಸಿದ್ಧ ಮಾಡುವುದು ಕಾರು ಕಟ್ಟುವುದಕ್ಕಿಂತ ಬೇರೆಯದೇ ಕೆಲಸ. ಕಟ್ಟುವಾಗ ನೀವು ಡ್ರೈವರ್ ಸೀಟಿನಲ್ಲಿ ಕೂತು ಯೋಚಿಸುತ್ತೀರಿ. ಐವಿಎ ಪರೀಕ್ಷಕ ಯೋಚಿಸುವುದು ನಿಮ್ಮ ಕಾರಿಗೆ ಡಿಕ್ಕಿ ಹೊಡೆಸಿಕೊಂಡವನ ಕಡೆಯಿಂದ, ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿಗೆ ಮುಖ ಬಡಿಸಿಕೊಂಡವನ ಕಡೆಯಿಂದ, ಹಿಂದೆ ಮಂಜಿನಲ್ಲಿ ಬರುತ್ತಿರುವವನ ಕಡೆಯಿಂದ. ನಿಮ್ಮ ಎಂಜಿನ್ ಎಷ್ಟು ಕುದುರೆಯದು, ಸೊನ್ನೆಯಿಂದ ಅರವತ್ತಕ್ಕೆ ಎಷ್ಟು ಸೆಕೆಂಡ್, ಇದ್ಯಾವುದೂ ಅವರಿಗೆ ಬೇಡ. ಇದು ತಲೆಗೆ ಹೋದ ಮೇಲೆ ಆ ದಪ್ಪ ಕೈಪಿಡಿ ಓದುವುದು ಸುಲಭವಾಯಿತು. ಕೈಪಿಡಿ ಸರ್ಕಾರದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಪ್ರಯಾಣಿಕರ ಕಾರಿಗೆ ಬೇಕಾದದ್ದು ಎಂ1 ಭಾಗ, ಅದನ್ನೇ ಇಳಿಸಿಕೊಳ್ಳಿ. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ನಂಬಿಕೊಂಡು ಹೋಗಬೇಡಿ.

ಎಲ್ಲರೂ ಒದ್ದಾಡುವುದು ಹೊರಗಿನ ಚೂಪುಗಳ ಭಾಗದಲ್ಲಿ. ನಿಯಮ ಸರಳವಾಗಿದೆ. 100 ಮಿಲಿಮೀಟರ್ ವ್ಯಾಸದ ಒಂದು ಗುಂಡು ಕಾರಿನ ಮೈಮೇಲೆ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಗುಂಡು ತಾಗದ ಸಂದಿಯೊಳಗೆ ಏನಿದ್ದರೂ ಕೇಳುವುದಿಲ್ಲ. ಮೆತ್ತಗಿನ ರಬ್ಬರ್ ಆದರೆ ರಿಯಾಯಿತಿ ಇದೆ. ಓದೋಕೆ ಇಷ್ಟೇ. ಆದರೆ ಸೆವೆನ್ ಆಕಾರದ ಕಾರಿನಲ್ಲಿ ಮುಂದಿನ ಚಕ್ರಗಳು ಬಾಡಿಯ ಹೊರಗೆ ಇರುತ್ತವೆ, ಚಕ್ರವನ್ನು ಚಾಸಿಸ್‌ಗೆ ಹಿಡಿದಿಡುವ ಸಸ್ಪೆನ್ಷನ್ನಿನ ತೋಳು, ಅಂದರೆ ವಿಶ್‌ಬೋನ್, ಪೂರ್ತಿ ಬಯಲಲ್ಲಿ ಇರುತ್ತದೆ, ಅದರ ಒಂದೊಂದು ನಟ್ಟು ಬೋಲ್ಟೂ ಗುಂಡಿಗೆ ಸಿಗುತ್ತದೆ. ಹೆಡ್‌ಲೈಟ್ ಹಿಡಿದಿರುವ ಕಬ್ಬಿಣ, ಮಡ್‌ಗಾರ್ಡಿನ ಅಂಚು, ಪಕ್ಕದಲ್ಲಿ ಓಡುವ ಸೈಲೆನ್ಸರಿನ ಕ್ಲಾಂಪ್, ಕನ್ನಡಿಯ ಕಾಲು, ನಂಬರ್ ಪ್ಲೇಟಿನ ಮೂಲೆ, ಹೀಗೆ ಹುಡುಕುತ್ತಾ ಹೋದರೆ ಮುಗಿಯುವುದೇ ಇಲ್ಲ.

ಕರಕುಶಲ ಸಾಮಾನಿನ ಅಂಗಡಿಯಲ್ಲಿ 100 ಮಿಲಿಮೀಟರಿನ ಥರ್ಮಾಕೋಲ್ ಗುಂಡು ಸಿಗುತ್ತದೆ. ಅದನ್ನು ತಂದು ಬಣ್ಣದ ಸೀಮೆಸುಣ್ಣದ ಪುಡಿ ಹಚ್ಚಿ ಕಾರಿನ ಮೇಲೆಲ್ಲ ಉರುಳಿಸಿದೆ. ಗುರುತು ಬಿದ್ದ ಕಡೆಯೆಲ್ಲ ಕೆಲಸ ಇದೆ ಅಂತ ಅರ್ಥ. ನಟ್ಟುಗಳಿಗೆ ದುಂಡನೆಯ ಪ್ಲಾಸ್ಟಿಕ್ ಟೋಪಿ ಹಾಕಿದೆ. ತಗಡಿನ ಅಂಚುಗಳಿಗೆ ಯು ಆಕಾರದ ರಬ್ಬರ್ ಬೀಡಿಂಗ್ ಒತ್ತಿದೆ. ಹೆಡ್‌ಲೈಟಿನ ಕಬ್ಬಿಣವನ್ನು ಅರದಿಂದ ಉಜ್ಜಿ ಉಜ್ಜಿ ದುಂಡು ಮಾಡಿ ಮತ್ತೆ ಪೇಂಟ್ ಹೊಡೆದೆ. ಬೀಡಿಂಗ್ ಸುಮ್ನೆ ಒತ್ತಿ ಬಿಟ್ಟರೆ ಸಾಲದು, ಪರೀಕ್ಷಕರು ಕೈಯಿಂದ ಎಳೆದು ನೋಡುತ್ತಾರೆ, ಕಿತ್ತು ಬಂದರೆ ಅದು ಇದ್ದೂ ಇಲ್ಲದ ಹಾಗೆ. ಅಂಟು ಹಾಕಿ ಕೂರಿಸಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಿಟ್ ಕಾರಿನವರಲ್ಲಿ ಪರೀಕ್ಷೆಗೆ ಮಾತ್ರ ಅಂತ ಒಂದಷ್ಟು ಸಾಮಾನು ಇಟ್ಟುಕೊಳ್ಳುವ ರೂಢಿ ಇದೆ. ಹಳೆಯ ಕಾರಿನ ದೊಡ್ಡ ಮೆತ್ತನೆಯ ಸ್ಟೇರಿಂಗ್ ಚಕ್ರ, ಪ್ಲಾಸ್ಟಿಕ್ ಟೋಪಿ, ಬೀಡಿಂಗ್, ಎಲ್ಲ ಹಾಕಿ ಪಾಸು ಮಾಡಿಸಿ, ಮನೆಗೆ ಬಂದ ಸಂಜೆಯೇ ಕಿತ್ತು ಡಬ್ಬಿಗೆ ಹಾಕುತ್ತಾರೆ. ಆ ಸ್ಟೇರಿಂಗ್ ಚಕ್ರ ಒಬ್ಬರಿಂದ ಒಬ್ಬರಿಗೆ ಎರವಲು ಹೋಗುತ್ತಾ ಊರೆಲ್ಲ ಸುತ್ತುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ನನ್ನ ಕಾರನ್ನು ನೋಡೋಕೆ ಪಕ್ಕದ ಮನೆಯ ಮಕ್ಕಳು ಓಡಿ ಬರುತ್ತಾರೆ, ಅವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಆ ವಿಶ್‌ಬೋನಿನ ಬೋಲ್ಟ್ ಇದೆ. ಟೋಪಿ ಇದ್ದರೆ ನೋಟಕ್ಕೆ ಸ್ವಲ್ಪ ಕೆಟ್ಟದಾಗಿ ಕಾಣಬಹುದು, ಇರಲಿ. ಶೋಕಿಗೆ ಅಂತ ತೆಗೆದು ಹಾಕುವಷ್ಟು ಅವಸರ ನನಗಿಲ್ಲ.

ಒಳಗಿನ ಭಾಗ ಇನ್ನೂ ಸೂಕ್ಷ್ಮ. ಅಲ್ಲಿ ಗುಂಡು ದೊಡ್ಡದು, 165 ಮಿಲಿಮೀಟರ್. ತಲೆ ಹೋಗಿ ಬಡಿಯುವುದನ್ನು ಲೆಕ್ಕ ಹಾಕಿ ಇಟ್ಟ ಗಾತ್ರ ಅದು. ಡ್ಯಾಶ್‌ಬೋರ್ಡಿನ ಕೆಳಗಿನ ಅಂಚು 19 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಬರೀ ಅಲ್ಯೂಮಿನಿಯಂ ತಗಡು ಬಗ್ಗಿಸಿ ಡ್ಯಾಶ್ ಮಾಡಿದವರಿಗೆ ಇದು ದೊಡ್ಡ ತಲೆನೋವು. ಬಿಸಿನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆ ತಂದು, ಉದ್ದಕ್ಕೆ ಸೀಳಿ, ತಗಡಿನ ಅಂಚಿಗೆ ತೊಡಿಸಿ, ಮೇಲೆ ರೆಕ್ಸಿನ್ ಎಳೆದು ಅಂಟಿಸಿದರೆ ಕೆಲಸ ಮುಗಿಯಿತು. ಇದು ನಾನು ಕಂಡುಹಿಡಿದದ್ದಲ್ಲ, ಈ ದೇಶದ ಅರ್ಧ ಕಿಟ್ ಕಾರುಗಳ ಡ್ಯಾಶ್ ಒಳಗೆ ಅದೇ ಪೈಪಿನ ಫೋಮ್ ಇದೆ. ಇನ್ನು ಸ್ವಿಚ್ಚುಗಳು. ವಿಮಾನದಲ್ಲಿ ಇರುವಂಥ ಉದ್ದ ಕಡ್ಡಿಯ ಟಾಗಲ್ ಸ್ವಿಚ್ ಹಾಕಬೇಕು ಅಂತ ಎಲ್ಲರಿಗೂ ಆಸೆ. ಆ ಕಡ್ಡಿಯೇ ಪಕ್ಕದಲ್ಲಿ ಕೂತವರ ಮುಖಕ್ಕೆ ಚುಚ್ಚುವುದು. ಆದರೆ ಸ್ಟೇರಿಂಗ್ ಚಕ್ರದ ಹಿಂದಿನ ಜಾಗಕ್ಕೆ, ಅದರ ಸುತ್ತ ಇನ್ನೊಂದು 127 ಮಿಲಿಮೀಟರ್ ಸೇರಿಸಿ, ವಿನಾಯಿತಿ ಇದೆ. ಅಲ್ಲಿ ತಲೆಗೆ ಮೊದಲು ಸಿಗುವುದು ಚಕ್ರ ತಾನೇ. ಹಾಗಾಗಿ ನನ್ನ ಟಾಗಲ್‌ಗಳೆಲ್ಲ ಆ ವೃತ್ತದೊಳಗೆ ಗುಂಪುಗೂಡಿವೆ, ಪ್ಯಾಸೆಂಜರ್ ಕಡೆ ಡ್ಯಾಶ್ ಪೂರ್ತಿ ಬೋಳು.

ಸ್ಟೇರಿಂಗ್ ವಿಷಯದಲ್ಲಿ ಈ ಹಗುರ ಕಾರುಗಳಿಗೆ ಒಂದು ಹುಟ್ಟು ದೋಷ ಇದೆ. ತಿರುವಿನಲ್ಲಿ ಚಕ್ರ ತಿರುಗಿಸಿ ಕೈಬಿಟ್ಟರೆ ಅದು ತಾನಾಗಿಯೇ ನೇರಕ್ಕೆ ಮರಳಬೇಕು. ಪರೀಕ್ಷಕರು ನಿಧಾನವಾಗಿ ಓಡಿಸಿ, ತಿರುಗಿಸಿ, ಹಿಡಿತ ಸಡಿಲಿಸಿ ನೋಡುತ್ತಾರೆ. ಮಾಜ್ಡಾ ಒಂದು ಸಾವಿರ ಕಿಲೋ ದಾಟುವ ಕಾರು, ನನ್ನದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲದಿದ್ದರೆ ಅದನ್ನು ನೇರಕ್ಕೆ ಎಳೆಯುವ ಬಲ ಎಲ್ಲಿಂದ ಬರಬೇಕು? ಉಪಾಯ ಅಂದರೆ ಕ್ಯಾಸ್ಟರ್ ಕೋನ ಹೆಚ್ಚಿಸುವುದು. ಚಕ್ರ ತಿರುಗುವ ಕೀಲುಗಳಲ್ಲಿ ಮೇಲಿನ ಬಾಲ್ ಜಾಯಿಂಟ್ ಕೆಳಗಿನದಕ್ಕಿಂತ ಹಿಂದಕ್ಕೆ ಸರಿದಷ್ಟೂ ಚಕ್ರ ನೇರಕ್ಕೆ ಬರೋಕೆ ಹಠ ಮಾಡುತ್ತದೆ. ನನ್ನ ಮೇಲಿನ ವಿಶ್‌ಬೋನಿನ ಪಿವಟ್ ಹತ್ತಿರ ವಾಷರ್‌ಗಳಿವೆ. ಮುಂದಿದ್ದ ವಾಷರ್ ಹಿಂದಕ್ಕೆ, ಹಿಂದಿದ್ದದ್ದು ಮುಂದಕ್ಕೆ ಹಾಕಿ ಅದನ್ನು ಸಾಧಿಸಿದೆ. ಬಾಲ್ ಜಾಯಿಂಟ್ ಬಿಗಿಯಾಗಿದ್ದರೂ ಚಕ್ರ ವಾಪಸು ಬರಲ್ಲ, ಅದನ್ನೂ ನೋಡಿ. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮತ್ತು ಟೈರಿನ ಗಾಳಿ ಆಮೇಲಿನ ಮಾತು. ನಂಬರ್ ಇಲ್ಲದ ಕಾರನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗ್ ಕೂಡ ಬೇಡ. ಪರಿಚಯದವರೊಬ್ಬರ ಗೋದಾಮಿನ ಅಂಗಳದಲ್ಲಿ, ಗೇಟು ಹಾಕಿಕೊಂಡು, ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ಪರೀಕ್ಷಿಸಿದೆ. ಈಗ ಮರಳುತ್ತದೆ, ಸ್ವಲ್ಪ ಸೋಮಾರಿಯಾಗಿ.

ಬ್ರೇಕ್ ಅಂದರೆ ಬರೀ ನಿಲ್ಲುವುದಲ್ಲ, ಯಾವ ಚಕ್ರ ಮೊದಲು ಕಚ್ಚಿಕೊಳ್ಳುತ್ತದೆ ಅನ್ನೋದು ಮುಖ್ಯ. ಮುಂದಿನವು ಮೊದಲು ಲಾಕ್ ಆಗಬೇಕು. ಹಿಂದಿನವು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆದು ಬಾಲ ಮುಂದೆ ಬರುತ್ತದೆ. ಡೋನರ್ ಕಾರಿನ ಬ್ರೇಕು ಆ ಕಾರಿನ ತೂಕಕ್ಕೆ ಮಾಡಿದ್ದು, ಅದನ್ನು ಹಗುರ ಕಾರಿಗೆ ಹಾಕಿದಾಗ ಲೆಕ್ಕ ತಪ್ಪಬಹುದು. ಪರೀಕ್ಷೆಯ ದಿನ ಆಕ್ಸಲ್ ತೂಕ ತೆಗೆದು, ರೋಲರ್ ಮೇಲೆ ಬ್ರೇಕಿನ ಬಲ ಅಳೆದು, ಲೆಕ್ಕ ಹಾಕಿಯೇ ನೋಡುತ್ತಾರೆ. ಮುಂದಿನ ಹಿಂದಿನ ಬ್ರೇಕಿನ ಬಲ ಹೊಂದಿಸೋಕೆ ತಿರುಗಿಸುವ ಬಯಾಸ್ ಸಾಧನ ಹಾಕಿದ್ದರೆ, ಹೊಂದಿಸಿದ ಮೇಲೆ ಅದನ್ನು ವೆಲ್ಡ್ ಮಾಡಿಯೋ ಪಿನ್ ಹೊಡೆದೋ ಅಲುಗದ ಹಾಗೆ ಮಾಡಬೇಕು. ಡ್ರೈವರ್ ಕೂತಲ್ಲೇ ತಿರುಗಿಸುವ ಗುಂಡಿ ಇದ್ದರೆ ಫೇಲ್. ನಾನು ಆ ಗೋಜಿಗೇ ಹೋಗದೆ ಮಾಜ್ಡಾದ ವಾಲ್ವ್ ಇಟ್ಟುಕೊಂಡು, ಹಿಂದಿನ ಪ್ಯಾಡ್ ಬದಲಾಯಿಸಿದೆ. ಬ್ರೇಕ್ ಆಯಿಲ್ ಕಡಿಮೆಯಾದರೆ ಉರಿಯಬೇಕಾದ ಕೆಂಪು ದೀಪವನ್ನು, ಮುಚ್ಚಳ ತೆಗೆಯದೆಯೇ ಪರೀಕ್ಷಿಸುವ ಹಾಗಿರಬೇಕು ಅನ್ನೋದು ಇನ್ನೊಂದು. ಮುಚ್ಚಳದ ಮೇಲೆ ಒತ್ತುವ ಗುಂಡಿ ಇರುವ ಡಬ್ಬಿಯನ್ನೇ ಕೊಂಡುಕೊಳ್ಳಿ.

ಶಬ್ದದ ಮಿತಿ 99 ಡೆಸಿಬೆಲ್. ಸೈಲೆನ್ಸರಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮೀಟರ್ ಹಿಡಿಯುತ್ತಾರೆ. ಎಂಜಿನ್ನಿಗೆ ಹೆಚ್ಚಿನ ಶಕ್ತಿ ಬರುವ ವೇಗದ ಮುಕ್ಕಾಲು ಪಾಲಿಗೆ ಓಡಿಸಬೇಕು. ನನ್ನ ಎಂಜಿನ್ನಿಗೆ ಅದು 6500 ಆರ್‌ಪಿಎಂ, ಹಾಗಾಗಿ 4875. ಫೋನಿನ ಆ್ಯಪ್ ನಂಬಬೇಡಿ, ಒಂದು ಸರಿಯಾದ ಮೀಟರ್ ಎರವಲು ತನ್ನಿ. ಸೈಲೆನ್ಸರಿನೊಳಗಿನ ಗಾಜಿನ ಉಣ್ಣೆ ಹೊಸದು ತುಂಬಿಸಿದ ಮೇಲೆ ನನ್ನದು ಮಿತಿಯೊಳಗೆ ಬಂದಿದೆ, ಆದರೂ ಅಕ್ಕಪಕ್ಕದವರ ಮುಖ ನೋಡೋಕೆ ನನಗೆ ಸಂಕೋಚ.

ಹೊಗೆ ಪರೀಕ್ಷೆಯಲ್ಲಿ ಎಂಜಿನ್ನಿನ ವಯಸ್ಸು ಎಲ್ಲವನ್ನೂ ನಿರ್ಧರಿಸುತ್ತದೆ. ಎಂಜಿನ್ ಯಾವ ಕಾಲದ್ದು ಅಂತ ಕಾಗದದಲ್ಲಿ ತೋರಿಸೋಕೆ ಆಗದಿದ್ದರೆ ಹೊಸ ಕಾಲದ ಬಿಗಿ ಮಿತಿಗೆ ಅಳೆಯುತ್ತಾರೆ. ಡೋನರ್ ಕಾರಿನ ಲಾಗ್‌ಬುಕ್ (ನಮ್ಮ ಆರ್‌ಸಿ ಇದ್ದ ಹಾಗೆ) ಜೋಪಾನ, ಅದರಲ್ಲಿ ಎಂಜಿನ್ ನಂಬರ್ ಇರುತ್ತದೆ. ನನ್ನದಕ್ಕೆ ಬೀಳುವ ಮಿತಿ ಅಂದರೆ, ಎಂಜಿನ್ ವೇಗ ಏರಿಸಿ ಹಿಡಿದಾಗ ಕಾರ್ಬನ್ ಮಾನಾಕ್ಸೈಡ್ ಶೇ. 0.2 ದಾಟಬಾರದು, ಗಾಳಿ ಮತ್ತು ಪೆಟ್ರೋಲಿನ ಹದ ತೋರಿಸುವ ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು. ಟ್ಯೂನಿಂಗ್ ಎಲ್ಲ ಸರಿ ಇದ್ದರೂ ಸೈಲೆನ್ಸರಿನ ಜಾಯಿಂಟಿನಲ್ಲಿ ಒಂದು ಸಣ್ಣ ಸೋರಿಕೆ ಇದ್ದರೆ ಹೊರಗಿನ ಗಾಳಿ ಸೇರಿ ಲ್ಯಾಂಬ್ಡಾ ಮೇಲೆ ಹೋಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಾದಿರಬೇಕು, ತಣ್ಣಗಿದ್ದರೆ ಕೆಲಸ ಮಾಡಲ್ಲ.

ಸ್ಪೀಡೋಮೀಟರಿನ ನಿಯಮ ನನಗೆ ಬಹಳ ಇಷ್ಟ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ಶೇ. 10 ಮತ್ತು ಮೇಲೆ 6.25 ಮೈಲಿಯವರೆಗೆ. ಅಂದರೆ ಗಂಟೆಗೆ 70 ಮೈಲಿ ಓಡುತ್ತಿರುವಾಗ ಮುಳ್ಳು 83ರ ಹತ್ತಿರ ಇದ್ದರೂ ಪಾಸು, 69 ತೋರಿಸಿದರೆ ಫೇಲ್. ಟೈರಿನ ಗಾತ್ರ ಡೋನರ್ ಕಾರಿನದಕ್ಕಿಂತ ಬೇರೆ ಇದ್ದರೆ ಮರೆಯದೆ ಹೊಂದಿಸಿ, ಜಿಪಿಎಸ್ ಜೊತೆ ತಾಳೆ ನೋಡಿ, ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಬಿಡಿ.

ದೀಪಗಳು ಬೇಗ ಮುಗಿಯುವ ಕೆಲಸ, ಆದರೆ ಊರಿನ ಅಭ್ಯಾಸದಲ್ಲಿ ಹೋದರೆ ಸಿಕ್ಕಿಬೀಳುತ್ತೀರಿ. ಹಿಂದೆ ಒಂದು ಕೆಂಪು ಫಾಗ್ ಲೈಟ್ ಕಡ್ಡಾಯ. ಮಧ್ಯದಲ್ಲಿ ಅಥವಾ ಡ್ರೈವರ್ ಕಡೆ ಇರಬೇಕು, ಬ್ರೇಕ್ ಲೈಟಿನಿಂದ ಕನಿಷ್ಠ 100 ಮಿಲಿಮೀಟರ್ ದೂರ. ಇಲ್ಲದಿದ್ದರೆ ಮಂಜಿನಲ್ಲಿ ಹಿಂದಿನವನಿಗೆ ನೀವು ಬ್ರೇಕ್ ಹಾಕಿದ್ದೋ ಇಲ್ಲವೋ ತಿಳಿಯುವುದಿಲ್ಲ. ದೀಪ, ಕನ್ನಡಿ, ಬೆಲ್ಟ್ ಎಲ್ಲದರ ಮೇಲೂ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಅಚ್ಚಾಗಿರಬೇಕು. ಇ1 ಅಂದರೆ ಜರ್ಮನಿ ಒಪ್ಪಿದ್ದು, ಇ11 ಅಂದರೆ ಬ್ರಿಟನ್. ಗುರುತು ಇಲ್ಲದ ಅಗ್ಗದ ಎಲ್‌ಇಡಿ ಎಷ್ಟು ಚೆನ್ನಾಗಿ ಉರಿದರೂ ಉಪಯೋಗವಿಲ್ಲ. ಸೀಟ್ ಬೆಲ್ಟಿನ ಭುಜದ ಕೊಂಡಿ ಸೀಟಿನಿಂದ ಕನಿಷ್ಠ 450 ಮಿಲಿಮೀಟರ್ ಎತ್ತರದಲ್ಲಿರಬೇಕು. ಇದನ್ನು ಮಾತ್ರ ಚಾಸಿಸ್ ಪೇಂಟ್ ಮಾಡುವ ಮುಂಚೆಯೇ ಅಳೆಯಿರಿ, ಆಮೇಲೆ ಬದಲಾಯಿಸಬೇಕಾದರೆ ವೆಲ್ಡಿಂಗ್ ಕೆಲಸ.

ಮುಂದಿನ ಗಾಜಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಗಾಜು ಹಾಕಿದರೆ ವೈಪರ್, ನೀರು ಚಿಮ್ಮಿಸುವ ವಾಷರ್, ಮಂಜು ತೆಗೆಯುವ ಹೀಟರ್ ಎಲ್ಲವೂ ಬೇಕು, ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಹಾಗಾಗಿ ಎಷ್ಟೋ ಜನ ಗಾಜಿಲ್ಲದೆ, ಗಾಳಿ ತಡೆಯುವ ಒಂದು ಸಣ್ಣ ಪಟ್ಟಿ ಮಾತ್ರ ಇಟ್ಟು ಹೋಗುತ್ತಾರೆ. ನಾನು ಗಾಜು ಹಾಕಿಯೇ ಹೋಗುತ್ತಿದ್ದೇನೆ. ಇಲ್ಲಿಯ ಮಳೆಯಲ್ಲಿ ಗಾಜಿಲ್ಲದೆ ಓಡಿಸುವ ಆಸೆ ನನಗಂತೂ ಇಲ್ಲ, ಹೇಗೂ ಬೇಕಾಗುವ ವಸ್ತುವನ್ನು ಪರೀಕ್ಷೆಯಿಂದ ಬಚ್ಚಿಡುವುದು ಯಾಕೆ?

ಕಾಗದ ಪತ್ರದಲ್ಲಿ ಕಷ್ಟ ಏನಿಲ್ಲ. ನೀವೇ ಕಟ್ಟಿದ್ದು ಅನ್ನೋದಕ್ಕೆ ಸಾಕ್ಷಿ ಬೇಕು. ಹಾಗಾಗಿ ಬರೀ ಚಾಸಿಸ್ ಇದ್ದ ದಿನದಿಂದ ಫೋಟೋ ತೆಗೆಯುತ್ತಾ ಬನ್ನಿ, ಬಿಲ್ಲುಗಳನ್ನೂ ಇಟ್ಟುಕೊಳ್ಳಿ. ಎಲ್ಲದರಲ್ಲೂ ನಿಮ್ಮ ಮುಖ ಕಾಣಬೇಕಿಲ್ಲ, ಕೆಲವದರಲ್ಲಾದರೂ ಸ್ಪ್ಯಾನರ್ ಹಿಡಿದು ಕಾಣಿಸಿಕೊಂಡರೆ ಒಳ್ಳೆಯದು. ಚಾಸಿಸ್ ನಂಬರನ್ನು ಚಾಸಿಸ್ ಮೇಲೆಯೇ ಕೊರೆದಿರಬೇಕು. ನಾನು ಕಟ್ಟಿದ ಫೀಸು 450 ಪೌಂಡ್. ಬಿದ್ದರೆ ಮರುಪರೀಕ್ಷೆಗೆ 90. ಬೀಳುವುದು ಇಲ್ಲಿ ಅವಮಾನದ ವಿಷಯ ಅಲ್ಲ, ಮೊದಲ ಸಲಕ್ಕೇ ಪಾಸಾದವರನ್ನು ಬೇರೆಯವರು ಸ್ವಲ್ಪ ಅನುಮಾನದಿಂದ ನೋಡುತ್ತಾರೆ.

ಪರೀಕ್ಷೆಗೆ ಮೊದಲೇ ಸಮಯ ಗೊತ್ತಾಗಿದ್ದು, ಚಾಸಿಸ್ ನಂಬರಿನ ಮೇಲೆ ಇನ್ಶೂರೆನ್ಸ್ ಇದ್ದರೆ, ನಂಬರ್ ಪ್ಲೇಟ್ ಇಲ್ಲದ ಕಾರನ್ನು ಆ ಕೇಂದ್ರಕ್ಕೆ ಓಡಿಸಿಕೊಂಡು ಹೋಗಬಹುದು. ಎಂಜಿನ್ ಕಾದಿರುತ್ತದೆ ಅನ್ನುವುದು ಅದರ ಲಾಭ. ದಾರಿಯಲ್ಲಿ ಒಂದು ಬೀಡಿಂಗ್ ಹಾರಿಹೋದರೆ ಅನ್ನುವುದು ಭಯ. ನಾನು ಟ್ರೈಲರ್ ಬಾಡಿಗೆಗೆ ಹಿಡಿದಿದ್ದೇನೆ. 2021ರ ಡಿಸೆಂಬರಿನಿಂದ ಇಲ್ಲಿಯ ಸಾಮಾನ್ಯ ಕಾರು ಲೈಸೆನ್ಸ್ ಇದ್ದವರೂ 3,500 ಕಿಲೋವರೆಗಿನ ಟ್ರೈಲರ್ ಎಳೆಯಬಹುದು, ಬೇರೆ ಪರೀಕ್ಷೆ ಬೇಡ. ತಲುಪಿದ ಮೇಲೆ ಎಂಜಿನ್ ಕಾಯಿಸೋಕೆ ಸಮಯ ಸಿಗುವ ಹಾಗೆ ಬೇಗ ಹೊರಡಬೇಕು. ಜೊತೆಗೆ ಒಂದು ಪೆಟ್ಟಿಗೆ: ಹೆಚ್ಚುವರಿ ಪ್ಲಾಸ್ಟಿಕ್ ಟೋಪಿ, ಬೀಡಿಂಗ್, ಅಂಟು, ಕೇಬಲ್ ಟೈ, ಬಲ್ಬು, ಫ್ಯೂಸು, ಅರ, ಗಾಳಿ ಅಳೆಯುವ ಗೇಜ್. ಸಣ್ಣಪುಟ್ಟದ್ದನ್ನು ಅಲ್ಲೇ ಸರಿಮಾಡೋಕೆ ಬಿಟ್ಟರೆ ಇವು ಉಪಯೋಗಕ್ಕೆ ಬರುತ್ತವೆ.

ಉಳಿದಿರುವ ಕೆಲಸ ಇಷ್ಟು: ಪೆಟ್ರೋಲ್ ಮುಚ್ಚಳಕ್ಕೆ ಕಳೆದುಹೋಗದ ಹಾಗೆ ಸರಪಳಿ, ಎಡಗಡೆ ಮಡ್‌ಗಾರ್ಡಿನ ಕೆಳ ಅಂಚಿಗೆ ಬೀಡಿಂಗ್, ಟೋ ಇನ್ನೊಮ್ಮೆ ಅಳೆಯುವುದು. ಪಾಸಾದರೆ ಒಪ್ಪಿಗೆ ಪತ್ರದ ಜೊತೆ ಡೋನರ್ ಕಾರಿನ ಲಾಗ್‌ಬುಕ್, ಬಿಲ್ಲು, ಫೋಟೋ ಎಲ್ಲ ಸೇರಿಸಿ ವಾಹನ ನೋಂದಣಿ ಮಾಡುವ ಸ್ವಾನ್ಸಿಯ ಡಿವಿಎಲ್‌ಎ ಕಚೇರಿಗೆ ಕಳಿಸಬೇಕು. ಕಾರಿನ ಗುರುತೂ ವಯಸ್ಸೂ ಖಚಿತವಾಗಿ ಹೇಳೋಕೆ ಆಗಲ್ಲ ಅಂತ ಅವರಿಗೆ ಅನ್ನಿಸಿದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತಾರೆ. ಕ್ಯೂ ಪ್ಲೇಟ್ ಅಂದರೆ ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ, ಮಾರುವಾಗ ಬೆಲೆ ಇಳಿಯುತ್ತದೆ ಅಂತ. ನನಗೆ ಮಾರುವ ಯೋಚನೆ ಇಲ್ಲ, ಯಾವ ಅಕ್ಷರ ಬಂದರೂ ಪ್ಲೇಟಿನ ಮೂಲೆ ಮಾತ್ರ ದುಂಡು ಮಾಡಿಯೇ ಹಾಕುತ್ತೇನೆ.